ಪ್ರತಿಭೆಯ ಅಳತೆಗೋಲು



ಹುಕ್ಕೇರಿ ತಾಲೂಕಿನ ತರುಣ ಶಿಕ್ಷಕಿಯೊಬ್ಬರು ಕೆಲವು ತಿಂಗಳ ಹಿಂದೆ ನನಗೊಂದು ಪತ್ರ ಬರೆದರು. ಶಿಕ್ಷಣ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಬೇಕೆಂಬುದು ಅವರ ಇಚ್ಛೆ. ಅದರಲ್ಲಿಯೂ ಪ್ರತಿಭಾನ್ವಿತ ಮಕ್ಕಳ ಶಿಕ್ಷಣವೇ ಅವರಿಗೆ ಬೇಕಾದ ವಿಷಯ. “ಇದಕ್ಕಾಗಿ ನಾನು ಎಲ್ಲಿಗೆ ಹೋಗಲಿ? ಈ ವಿದ್ಯೆ ಅಮೇರಿಕೆಯಲ್ಲಿ ಬೆಳೆದದ್ದೆಂದು ಕೇಳಿದ್ದೇನೆ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆಗೆ ಇದರ ಗಾಳಿಯಾದರೂ ಬೀಸಿದೆಯೆ?” ಎಂದು ಕೇಳಿದ್ದರು. ಅವರಿಗೆ ಬರೆದ ಉತ್ತರವನ್ನೇ ತುಸು ವಿಸ್ತರಿಸಿ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಗಾಳಿ ಬೀಸಿದ್ದು ಇಂದು ನಿನ್ನೆಯಲ್ಲ. ಬುದ್ಧಿಮಾಪನದ ಚರಿತ್ರೆಯಲ್ಲಿ ನಮ್ಮ ಸೀಮೆಯ ಹೆಸರನ್ನೇ ಹೊತ್ತ ಒಂದು ಅಧ್ಯಾಯವಿದೆ. 1905ರಲ್ಲಿ ಪ್ಯಾರಿಸಿನ ಆಲ್‌ಫ್ರೆಡ್ ಬಿನೆ, ತನ್ನ ಸಹೋದ್ಯೋಗಿ ಸಿಮೋನನೊಡನೆ, ಮಕ್ಕಳ ಬುದ್ಧಿಯನ್ನು ಅಳೆಯುವ ಮೊದಲ ಮಾಪಕವನ್ನು ರಚಿಸಿದ. ಶಾಲೆಯ ಸಾಮಾನ್ಯ ಪಾಠ ಯಾರಿಗೆ ಹತ್ತುವುದಿಲ್ಲವೋ ಅಂಥ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗುವುದು ಅವನ ಉದ್ದೇಶವಾಗಿತ್ತು. ಮಕ್ಕಳನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸುವುದಕ್ಕೆ ಅವನು ಹೊರಟವನಲ್ಲ. ಈ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ತಿದ್ದಿದವರು ವಿ. ವಿ. ಕಾಮತರು. 1934ರಲ್ಲಿ ಇಂಗ್ಲೆಂಡಿನ ಶಿಕ್ಷಣ ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಅವರ ಲೇಖನ ಅಚ್ಚಾಯಿತು. 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಗ್ರಂಥ ಹೊರಬಂದಿತು. ವಿದ್ವಾಂಸರು ಅದನ್ನು ಮುಂಬಯಿ-ಕರ್ನಾಟಕ ಪರಿಷ್ಕರಣವೆಂದು ಕರೆದರು. ಮುಂಬಯಿ ಕರ್ನಾಟಕವೆಂದರೆ ಯಾವುದು? ಗೋಕಾಕ, ಹುಕ್ಕೇರಿಗಳನ್ನು ಒಳಗೊಂಡ, ಅಂದಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳೇ ಅಲ್ಲವೆ?

ಇಂಥ ಪರಿಷ್ಕರಣವು ಬರಿಯ ಭಾಷಾಂತರವಲ್ಲ. ಪ್ಯಾರಿಸಿನ ಮಗುವಿಗೆ ಸುಲಭವಾದ ಶಬ್ದ ನಮ್ಮ ಮಗುವಿಗೆ ಕಠಿಣವಾದೀತು. ಅಲ್ಲಿಯ ನಾಣ್ಯ, ಅಲ್ಲಿಯ ಚಿತ್ರ ಇಲ್ಲಿ ಅರ್ಥವಾಗಲಿಕ್ಕಿಲ್ಲ. ಆದುದರಿಂದ ಒಂದೊಂದು ಪ್ರಶ್ನೆಯನ್ನೂ ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಕೇಳಿ, ಯಾವ ವಯಸ್ಸಿನ ಬಹುಪಾಲು ಮಕ್ಕಳು ಅದನ್ನು ಬಿಡಿಸಬಲ್ಲರೆಂದು ಕಂಡುಕೊಳ್ಳಬೇಕು. ಹೀಗೆ ಗೊತ್ತುಪಡಿಸಿದ ಮಟ್ಟಗಳಿಗೆ ಮಾನಕಗಳೆಂದು ಹೆಸರು. ಎಂಟು ವರ್ಷದ ಹುಡುಗಿಯೊಬ್ಬಳು ಹತ್ತು ವರ್ಷದವರ ಪ್ರಶ್ನೆಗಳನ್ನು ಬಿಡಿಸಿದರೆ ಅವಳ ಮಾನಸಿಕ ವಯಸ್ಸು ಹತ್ತು. ಅದನ್ನು ಎಂಟರಿಂದ ಭಾಗಿಸಿ ನೂರರಿಂದ ಗುಣಿಸಿದರೆ 125. ಇದೇ ಅವಳ ಬುದ್ಧಿಲಬ್ಧ. ಲೆಕ್ಕ ಇಷ್ಟು ಸರಳವಾದುದು. ಇದರ ಅಪಾಯವಿರುವುದೂ ಆ ಸರಳತೆಯಲ್ಲಿಯೇ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಓದು ಮುಗಿಸಿದ ಹೊಸದರಲ್ಲಿ, ಘಟಪ್ರಭೆಯ ಕಾಲುವೆಯ ಬದಿಯ ಹಳ್ಳಿಯೊಂದರ ಶಾಲೆಗೆ ಪ್ರಶ್ನೆಗಳ ಕಟ್ಟನ್ನು ಹೊತ್ತುಕೊಂಡು ಹೋಗಿದ್ದೆ. ಒಂಬತ್ತು ವರ್ಷದ ಬಾಲೆಯೊಬ್ಬಳನ್ನು ಎದುರಿಗೆ ಕೂರಿಸಿಕೊಂಡು, “ಎತ್ತು, ಆಕಳು, ಕುದುರೆ, ನೇಗಿಲು: ಈ ನಾಲ್ಕರಲ್ಲಿ ಹೊಂದದ್ದು ಯಾವುದು?” ಎಂದು ಕೇಳಿದೆ. ಅವಳು ಕ್ಷಣವೂ ತಡೆಯದೆ, “ಕುದುರಿರೀ ಸರ,” ಎಂದಳು. ನನ್ನ ಕೈಯ ಹಾಳೆಯಲ್ಲಿದ್ದ ಉತ್ತರ ನೇಗಿಲು. ಉಳಿದ ಮೂರು ಪ್ರಾಣಿಗಳಷ್ಟೆ. ಸೊನ್ನೆ ಬರೆದು ಮುಂದಿನ ಪ್ರಶ್ನೆಗೆ ಹೋದೆ. ಎಲ್ಲ ಮುಗಿದು ಹೊರಡುವಾಗ, ಏನೋ ನೆನಪಾಗಿ, ಕುದುರೆ ಎಂದೇಕೆ ಹೇಳಿದೆಯವ್ವಾ ಎಂದು ವಿಚಾರಿಸಿದೆ. “ಎತ್ತ, ಆಕಳ, ನೇಗಿಲ ಮೂರೂ ನಮ್ಮ ಹೊಲಮನೀವು ರೀ. ಕುದುರಿ ಜಾತ್ರಿಗೆ ಅಷ್ಟ ಬರತೈತಿ,” ಎಂದಳು. ಅವಳು ವರ್ಗೀಕರಿಸಿದ್ದಳು, ಕಾರಣವನ್ನೂ ಕೊಟ್ಟಿದ್ದಳು. ಆದರೆ ಆ ಕಾರಣಕ್ಕೆ ನನ್ನ ಹಾಳೆಯಲ್ಲಿ ಸ್ಥಳವಿರಲಿಲ್ಲ. ನಾನು ಆ ಸೊನ್ನೆಯನ್ನು ತಿದ್ದಲಿಲ್ಲ. ನಿಯಮವನ್ನು ಮೀರುವ ಧೈರ್ಯ ಆಗ ನನಗಿರಲಿಲ್ಲ. ಆ ಮಗುವಿನ ಹೆಸರು ಮುಂದೆ ಯಾವ ಪಟ್ಟಿಗೂ ಏರಲಿಲ್ಲ. ಇಷ್ಟು ವರ್ಷಗಳ ಮೇಲೂ ಆ ಸೊನ್ನೆ ನನ್ನ ಲೆಕ್ಕದಲ್ಲಿಯೇ ಉಳಿದಿದೆ.

ದೊಡ್ಡವರೂ ಹೀಗೆ ಎಡವಿದ್ದಾರೆ. ಅಮೇರಿಕೆಯ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಮಕ್ಕಳನ್ನು ಪರೀಕ್ಷಿಸತೊಡಗಿ, ಹದಿನೈದು ನೂರಕ್ಕೂ ಮಿಕ್ಕಿ ಪ್ರತಿಭಾವಂತರನ್ನು ಆರಿಸಿ, ಅವರ ಬಾಳನ್ನು ದಶಕಗಳವರೆಗೆ ಅಭ್ಯಸಿಸಿದ. ಆಗ ಪರೀಕ್ಷೆಗೆ ಕುಳಿತೂ ಆಯ್ಕೆಯಾಗದೆ ಹೋದ ಇಬ್ಬರು ಹುಡುಗರ ಹೆಸರು ಶಾಕ್ಲಿ ಮತ್ತು ಆಲ್ವಾರೆಜ್. ಮೊದಲನೆಯವನು 1956ರಲ್ಲಿ, ಎರಡನೆಯವನು 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದರು. ಆರಿಸಿದವರಲ್ಲಿ ಆ ಪಾರಿತೋಷಕ ಯಾರಿಗೂ ದೊರೆಯಲಿಲ್ಲ.

ಅಳತೆಗೋಲು ಹಳೆಯದಾಗುತ್ತದೆ ಎಂಬುದು ಇನ್ನೊಂದು ಸಂಗತಿ. ಪೀಳಿಗೆಯಿಂದ ಪೀಳಿಗೆಗೆ ಪರೀಕ್ಷೆಗಳ ಅಂಕಗಳು ಏರುತ್ತ ಹೋಗುತ್ತವೆಂದು ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸ 1984ರಲ್ಲಿ ಅಮೇರಿಕೆಯ, 1987ರಲ್ಲಿ ಹದಿನಾಲ್ಕು ದೇಶಗಳ ಅಂಕಿಗಳಿಂದ ತೋರಿಸಿಕೊಟ್ಟ. ಹಳೆಯ ಮಾನಕದಿಂದ ಅಳೆದರೆ ಇಂದಿನ ಮಗು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ಕಾಮತರ ಮಾನಕಗಳು ರೂಪುಗೊಂಡದ್ದು 1930ರ ದಶಕದಲ್ಲಿ. ಆ ಪರೀಕ್ಷೆಯಾದರೋ ಬಿನೆ-ಕಾಮತ್ ಎಂಬ ಹೆಸರಿನಿಂದ ಆಸ್ಪತ್ರೆಗಳಲ್ಲಿ, ಸಲಹಾ ಕೇಂದ್ರಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಸಾಧಾರಣ ಮಗುವನ್ನು ಅದು ಅಸಾಧಾರಣವೆಂದು ಹೊಗಳಿದರೆ ಹಾನಿ ಅಲ್ಪ. ನೆರವು ಬೇಕಾದ ಮಗುವಿಗೆ ಬೇಕಿಲ್ಲವೆಂದು ಹೇಳಿದರೆ ಆ ಮಗುವಿನ ಗತಿಯೇನು? ಇದರಲ್ಲಿ ಕಾಮತರ ದೋಷವಿಲ್ಲ. ಅವರು ತಮ್ಮ ಕಾಲದ ಮಕ್ಕಳನ್ನು ಕಂಡು ಅಳತೆಗೋಲು ಮಾಡಿದರು. ಅದನ್ನು ಕಾಲಕಾಲಕ್ಕೆ ತಿದ್ದಬೇಕಾದ ಹೊಣೆ ಹಿಂದೆ ಬಂದ ನಮ್ಮದಾಗಿತ್ತು.

ನಮ್ಮ ಊರುಗಳಲ್ಲಿ ಇಂದು ಪ್ರತಿಭೆಯ ಹೆಬ್ಬಾಗಿಲೆಂದರೆ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆ. 1986ರ ಶಿಕ್ಷಣ ನೀತಿಯ ಫಲವಾಗಿ ಬೆಳೆದ ಈ ಶಾಲೆಗಳಲ್ಲಿ ಕನಿಷ್ಠ ನೂರಕ್ಕೆ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಇದು ದೊಡ್ಡ ಉಪಕಾರ. ಹಲವು ರೈತರ ಮಕ್ಕಳ ಬಾಳನ್ನು ಇದು ತಿರುಗಿಸಿದೆ. ಆದರೆ ಜಿಲ್ಲೆಯ ಒಂದು ಶಾಲೆಯ ಆರನೆಯ ಇಯತ್ತೆಗೆ ಸ್ಥಾನಗಳು ಸಾಮಾನ್ಯವಾಗಿ ಎಂಬತ್ತು, ಪ್ರಶ್ನೆಗಳೂ ಎಂಬತ್ತು, ಕಾಲ ಎರಡು ಗಂಟೆ. ಈ ಪರೀಕ್ಷೆಗೆ ಮಕ್ಕಳನ್ನು ಸಿದ್ಧಗೊಳಿಸುವ ತರಬೇತಿ ಕೇಂದ್ರಗಳ ಫಲಕಗಳನ್ನು ನೀವೂ ಕಂಡಿದ್ದೀರಿ. ಶುಲ್ಕ ತೆರಬಲ್ಲವರ ಮಗು ಹೊಸಿಲಿನವರೆಗೆ ನಡೆದು ಹೋಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ತಂದೆತಾಯಿಗಳೊಡನೆ ಫಡದಿಂದ ಫಡಕ್ಕೆ ಅಲೆಯುವ ಮಗುವಿಗೆ ಆ ದಿನಾಂಕವಾದರೂ ಗೊತ್ತಿರುತ್ತದೆಯೆ?

ಪ್ರತಿಭೆಯನ್ನು ಗುರುತಿಸಲು ಬೇರೆ ಹಾದಿಗಳಿಲ್ಲವೆ? ಗೋಕಾಕ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಜನಪ್ರಿಯಗೊಳಿಸಿದ ಕುಲಗೋಡ ತಮ್ಮಣ್ಣನವರೂ, ಆ ಆಟದ ಹೆಸರಾಂತ ಕಲಾವಿದೆ ಕೌಜಲಗಿ ನಿಂಗಮ್ಮನವರೂ ಈ ಮಣ್ಣಿನವರೇ. ಪಾರಿಜಾತದ ಮೇಳದಲ್ಲಿ ಎರಡು ಗಂಟೆಯ ಪರೀಕ್ಷೆ ಎಂಬುದಿಲ್ಲ. ಕಂಠವಿದೆಯೆ, ಎದುರಿನವರ ಮಾತಿಗೆ ಹೊಸ ಮಾತು ಹೊಳೆಯುತ್ತದೆಯೆ, ಬೆಳಗಿನವರೆಗೆ ನಿಲ್ಲುವ ತಾಳ್ಮೆಯಿದೆಯೆ ಎಂಬುದು ರಾತ್ರಿಗಳ ಒಡನಾಟದಲ್ಲಿ ತಿಳಿಯಬೇಕು. 1978ರಲ್ಲಿ ಅಮೇರಿಕೆಯ ಜೋಸೆಫ್ ರೆಂಜುಲಿ ಪ್ರತಿಭೆಯನ್ನು ಮೂರು ಬಳೆಗಳ ಕೂಡುವಿಕೆಯೆಂದು ಬಣ್ಣಿಸಿದ: ಸಾಧಾರಣವನ್ನು ಮೀರಿದ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸವನ್ನು ಬಿಡದ ನಿಷ್ಠೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಪಾರಿಜಾತದ ರಂಗ. ಹಳ್ಳಿಯ ಹಾದಿಯೂ ನಿರ್ದೋಷವಾದುದೆಂದು ನಾನು ಹೇಳಲಾರೆ. ಅದು ಹಾಡುವವರನ್ನು ಕಂಡಿತು. ಅದೇ ಊರಿನಲ್ಲಿ ಮನಸ್ಸಿನಲ್ಲಿಯೇ ಗಣಿತ ಮಾಡುತ್ತಿದ್ದ ಹುಡುಗಿಯನ್ನು ಕಾಣಲಿಲ್ಲ. ಆದರೂ ನೋಡುವುದಕ್ಕೆ ಕಾಲ ಬೇಕೆಂಬ ಒಂದು ಪಾಠವನ್ನು ಅದರಿಂದ ನಾವು ಕಲಿಯಬಹುದು.

ಆದುದರಿಂದ ಆ ಶಿಕ್ಷಕಿಗೆ ನಾನು ಬರೆದೆ: “ತಂಗಿ, ಧಾರವಾಡಕ್ಕೆ ಹೋಗಿರಿ, ಬೆಳಗಾವಿಗೆ ಹೋಗಿರಿ, ಸಾಧ್ಯವಾದರೆ ಕಡಲಾಚೆಗೂ ಹೋಗಿರಿ. ಕಲಿಕೆಯ ಸಿದ್ಧಾಂತ, ಸಂಖ್ಯಾಶಾಸ್ತ್ರ, ಮಾಪನ ಇವನ್ನು ಕಷ್ಟಪಟ್ಟು ಕಲಿಯಿರಿ. ಸಂಖ್ಯಾಶಾಸ್ತ್ರಕ್ಕೆ ಅಂಜಿ ಈ ವಿದ್ಯೆಗೆ ಬಂದವರು ಅಳತೆಗೋಲಿಗೆ ದಾಸರಾಗುತ್ತಾರೆ. ಅದನ್ನು ಬಲ್ಲವರು ಮಾತ್ರ ಅದರ ಮಿತಿಯನ್ನು ತೋರಿಸಬಲ್ಲರು. ಆದರೆ ಪ್ರಬಂಧ ಬರೆಯುವ ಕಾಲಕ್ಕೆ ಊರಿಗೆ ಮರಳಿ ಬನ್ನಿರಿ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡವಾಡುವ ಹುಕ್ಕೇರಿಯ ಮಗುವಿಗೆ ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಬೇಕು? ಮೂಡಲಗಿಯ ಒಂದು ಶಾಲೆಯಲ್ಲಿ ಶಿಕ್ಷಕರು ಜಾಣರೆಂದು ಹೆಸರಿಸಿದ ಮಕ್ಕಳು ಯಾರು, ಹೆಸರಿಸದೆ ಬಿಟ್ಟವರು ಯಾರು? ಇವು ನೀವಲ್ಲದೆ ಬೇರೆಯವರು ಕೇಳಲಾರದ ಪ್ರಶ್ನೆಗಳು.”

2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಬಿ.ಎಡ್. ವ್ಯಾಸಂಗದಲ್ಲಿ ಪ್ರತಿಭಾನ್ವಿತ ಮಕ್ಕಳ ಶಿಕ್ಷಣವನ್ನು ವಿಶೇಷ ವಿಷಯವಾಗಿ ಕಲಿಸಬಹುದೆಂದು ಹೇಳಿದೆ. ಮಾತು ಕಾಗದದಿಂದ ಶಾಲೆಯ ಕೋಣೆಗೆ ಇಳಿಯಬೇಕಾದರೆ ಅದನ್ನು ಕಲಿಸಬಲ್ಲವರು ಬೇಕು. ಅವರು ನಮ್ಮ ತಾಲೂಕುಗಳಿಂದಲೇ ಬರಬೇಕು.

ಅವರ ಉತ್ತರ ಕಳೆದ ವಾರ ಬಂದಿದೆ. ಪ್ರವೇಶಕ್ಕೆ ಅರ್ಜಿ ಹಾಕಿದ್ದಾರಂತೆ. ಜೊತೆಗೆ, ತಮ್ಮ ವರ್ಗದ ಮಕ್ಕಳು ತಪ್ಪು ಉತ್ತರ ಕೊಟ್ಟಾಗಲೆಲ್ಲ “ಯಾಕ ಹಂಗ ಅಂದಿ?” ಎಂದು ಕೇಳಿ, ಅವರು ಹೇಳಿದ್ದನ್ನು ಒಂದು ವಹಿಯಲ್ಲಿ ಬರೆದಿಡತೊಡಗಿದ್ದಾರಂತೆ. ಅವರ ಸ್ನಾತಕೋತ್ತರ ಅಧ್ಯಯನ ಆಗಲೇ ಆರಂಭವಾಯಿತೆಂದು ನಾನು ತಿಳಿದಿದ್ದೇನೆ.