ಸೂಲಗಿತ್ತಿಯ ಕೈಗೆ ಕಲಿಕೆಯೂ ಬೇಕು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನನಗಿಂತ ಮೊದಲು ನನ್ನ ತಾಯಿಗೆ ಒಂದು ಗಂಡು ಮಗುವಾಗಿತ್ತು. ಸೂಲಗಿತ್ತಿ ಅಜ್ಜಿ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದಳು. ಎಂಟನೆಯ ದಿನ ಮಗು ಸೆಟೆದು ತೀರಿಕೊಂಡಿತು. ದೃಷ್ಟಿ ತಾಗಿತೆಂದರು. ಅದು ಧನುರ್ವಾಯು. ಮಕ್ಕಳ ಲೆಕ್ಕ ಹೇಳುವಾಗ ತಾಯಿ ಇಂದಿಗೂ ಅವನನ್ನು ಬಿಡುವುದಿಲ್ಲ.

ಅಜ್ಜಿಯನ್ನು ನಾನು ದೂರುವುದಿಲ್ಲ. ಅವಳ ಕೈಗೆ ಅನುಭವವಿತ್ತು, ಕಲಿಸುವವರು ಬಂದಿರಲಿಲ್ಲ. ಹಳ್ಳಿಯ ಸೂಲಗಿತ್ತಿಯರಿಗೆ ತರಬೇತಿ ಕೊಡುವ ದೊಡ್ಡ ಯೋಜನೆಯನ್ನು ಸರಕಾರ 1977ರಲ್ಲಿಯೇ ಹಿಡಿದಿತ್ತು. ನಮ್ಮೂರಿಗೆ ಅದು ತಡವಾಗಿ ಬಂತು. ಕಲಿಸಿದ್ದೇನು? ಕೈ ಶುದ್ಧ, ಹಾಸು ಶುದ್ಧ, ಬ್ಲೇಡು ಶುದ್ಧ, ದಾರ ಶುದ್ಧ. ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚಕೂಡದು. ತೊಳೆಯದ ಲೋಟದಲ್ಲಿ ಚಹಾ ಕೊಡಬಾರದೆಂದು ಹೋಟೆಲಿನಲ್ಲಿ ನಮಗೆ ಮೊದಲ ದಿನವೇ ಕಲಿಸುವುದಿಲ್ಲವೇ, ಹಾಗೆ! ಕಲಿತ ಅದೇ ಅಜ್ಜಿಯ ಕೈಯಲ್ಲಿ ನಾನು ಹುಟ್ಟಿದೆ, ಬದುಕಿದೆ.

ಆದರೆ ರಕ್ತ ನಿಲ್ಲದೆ ಹರಿದರೆ ಶುದ್ಧ ಕೈಯೊಂದೇ ಸಾಲದು. ಆಸ್ಪತ್ರೆ ಬೇಕು, ಓದಿದ ಸೂಲಗಿತ್ತಿ ಬೇಕು. ಅದಕ್ಕೆಂದೇ ಕೇಂದ್ರ ಸರಕಾರ 2018ರಲ್ಲಿ ನರ್ಸುಗಳಿಗೆ 18 ತಿಂಗಳ ಪ್ರಸೂತಿ ಶಿಕ್ಷಣವನ್ನು ಗೊತ್ತುಮಾಡಿತು.

ನಾವು ಹೆಂಡತಿಯನ್ನು ಹೆರಿಗೆಗೆ ಊರಿಗೆ ಕಳುಹಿಸಿ ಇಲ್ಲಿ ಪಾಳಿ ದುಡಿಯುತ್ತೇವೆ. ಹಣ ಕಳುಹಿಸಿದರೆ ತೀರಿತೇ? ಫೋನು ಮಾಡಿ ಕೇಳಿರಿ: ಚುಚ್ಚುಮದ್ದು ಆಯಿತೇ? ಆಸ್ಪತ್ರೆ ಎಷ್ಟು ದೂರ? ರಾತ್ರಿ ಹೊತ್ತಿಗೆ ಗಾಡಿ ಯಾರದು?

ಓದುವ ಮನಸ್ಸಿರುವ ಹೆಣ್ಣುಮಕ್ಕಳನ್ನು ನರ್ಸಿಂಗ್ ಓದಿಸಿರಿ. ನಾನು ಏಳನೆಯ ತರಗತಿಗೇ ನಿಂತವನು. ಅವರು ನಿಲ್ಲದಿರಲಿ.