ಕಥೆ ಕೇಳುವ ಬಗೆ

(ಕಟ್ಟೆಮಳಲವಾಡಿಯ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಲಕ್ಷ್ಮಣತೀರ್ಥದ ನೀರು ಎಷ್ಟೋ ಊರುಗಳ ಪಕ್ಕದಲ್ಲಿ ಹರಿದುಹೋಗುತ್ತದೆ. ಕಟ್ಟೆ ಕಟ್ಟಿ ನಿಲ್ಲಿಸಿ ಕಾಲುವೆಗೆ ತಿರುಗಿಸಿದ ನೀರು ಮಾತ್ರ ಗದ್ದೆಗೆ ಬರುತ್ತದೆ. ಇದನ್ನು ಕಟ್ಟೆಯ ಹೆಸರನ್ನೇ ಹೊತ್ತಿರುವ ಈ ಊರಿನವರಿಗೆ ನಾವು ಹೇಳಬೇಕಾಗಿಲ್ಲ. ಕಥೆಯೂ ಹಾಗೆಯೇ. ಸುಮ್ಮನೆ ಕಿವಿಯ ಪಕ್ಕದಲ್ಲಿ ಹರಿದುಹೋದರೆ ಫಲವಿಲ್ಲ. ಅದನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಮಕ್ಕಳ ಪಾಠದಲ್ಲಿ ಕಥಾವಸ್ತು, ಸಂವಿಧಾನ, ಪಾತ್ರ, ದೇಶಕಾಲ, ಸಂಘರ್ಷ, ನಿರೂಪಣೆ, ಆಶಯ ಎಂಬ ಮಾತುಗಳು ಬರುತ್ತವೆ. ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡಿ ಆಮೇಲೆ ಮರೆಯುತ್ತಾರೆ. ದೊಡ್ಡವರು "ಇದೆಲ್ಲ ಓದಿದವರ ಗೊಡವೆ, ನಮಗೇಕೆ ಬುದ್ಧಿ?" ಎನ್ನುತ್ತಾರೆ. ಆದರೆ ಇವು ಹೊಲ ಉಳುವವನ ಕೈಯಲ್ಲಿರುವ ನೇಗಿಲು ಕುಂಟೆಗಳಂತೆ ಉಪಯೋಗದ ಸಾಮಾನುಗಳು. ನಿಮಗೆಲ್ಲ ಗೊತ್ತಿರುವ ಒಂದು ಕಥೆಯಲ್ಲೇ ಇವನ್ನು ನೋಡೋಣ.

ಮಲೆ ಮಾದಪ್ಪನ ಕಥೆಯನ್ನು ಕೇಳದ ಮನೆ ಈ ಸೀಮೆಯಲ್ಲಿಲ್ಲ. ದೇವರ ಗುಡ್ಡರು ಕಂಸಾಳೆ ಹಿಡಿದು, ದಮ್ಮಡಿ ಏಕತಾರಿಗಳ ಹಿಮ್ಮೇಳದೊಡನೆ ರಾತ್ರಿಯೆಲ್ಲ ಹಾಡುತ್ತಾರೆ. ವಿದ್ವಾಂಸರು ಇದನ್ನು ಹಾಡುಗಾರರ ಬಾಯಿಂದ ಬರೆದುಕೊಂಡು ಗ್ರಂಥ ಮಾಡಿದ್ದಾರೆ. 1973ರಲ್ಲಿ ಪಿ. ಕೆ. ರಾಜಶೇಖರ ಅವರದು ಬಂತು, 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕೇಶವನ್ ಪ್ರಸಾದ್ ಅವರದು ಬಂತು. ಈ ದೊಡ್ಡ ಕಥೆಯ ಒಂದೊಂದು ಭಾಗಕ್ಕೆ 'ಸಾಲು' ಎಂದು ಹೆಸರು. ಹುಟ್ಟಿದ ಸಾಲು, ಶ್ರವಣನ ಸಾಲು, ಸರಗೂರಯ್ಯನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಇವುಗಳಲ್ಲಿ ನಾವು ಸಂಕಮ್ಮನ ಸಾಲನ್ನು ತೆಗೆದುಕೊಳ್ಳೋಣ.

ಸೋಲಿಗರ ನೀಲೇಗೌಡ ಜೇನು ಕೀಳಲು ಮಲೆಗೆ ಹೊರಟ. ಹೊರಡುವ ಮುನ್ನ ಹೆಂಡತಿ ಸಂಕಮ್ಮನನ್ನು, "ನಾನು ಬರುವ ತನಕ ಪತಿವ್ರತೆಯಾಗಿರುತ್ತೇನೆಂದು ಭಾಷೆ ಕೊಡು" ಎಂದು ಕೇಳಿದ. ಅವಳು ಕೊಡಲಿಲ್ಲ. ಅವನು ಹಿಂಸೆ ಕೊಟ್ಟ, ಗುಡಿಸಲಲ್ಲಿ ಕೂಡಿಹಾಕಿ ಹೋದ. ಅವಳು ಮಾದಪ್ಪನನ್ನು ಕೂಗಿದಳು. ಮಾದಪ್ಪ ಅವಳಿದ್ದಲ್ಲಿಗೇ ಬಂದ, ಮಕ್ಕಳ ಫಲ ಕೊಟ್ಟ. ಆ ಮಕ್ಕಳೇ ಕಾರಯ್ಯ, ಬಿಲ್ಲಯ್ಯ. ಹಾಡುವವರಿಂದ ಹಾಡುವವರಿಗೆ ವಿವರ ಬೇರೆಯಾದೀತು, ಕಥೆಯ ಬೆನ್ನೆಲುಬು ಇದೇ.

ಈಗ ಒಂದೊಂದಾಗಿ ನೋಡಿರಿ. ಗಂಡ ಜೇನಿಗೆ ಹೋದ, ದೇವರು ಬಂದ, ಮಕ್ಕಳಾದರು. ಹೀಗೆ ಒಂದರ ಮುಂದೆ ಒಂದು ಜೋಡಿಸಿದರೆ ಅದು ಬರಿಯ ಕಥೆ. ಸಂಶಯಪಟ್ಟದ್ದರಿಂದ ಭಾಷೆ ಕೇಳಿದ, ಅವಳು ಕೊಡದ್ದರಿಂದ ಹಿಂಸಿಸಿದ, ಹಿಂಸೆ ತಾಳಲಾರದ್ದರಿಂದ ಅವಳು ದೇವರನ್ನು ಕರೆದಳು. ಹೀಗೆ ಕಾರಣದ ದಾರದಲ್ಲಿ ಪೋಣಿಸಿದರೆ ಅದು ಸಂವಿಧಾನ. ಬರಿಯ ಕಥೆ ಕೇಳಿದವನು "ಆಮೇಲೇನಾಯಿತು?" ಎನ್ನುತ್ತಾನೆ. ಸಂವಿಧಾನ ತಿಳಿದವನು "ಏಕಾಯಿತು?" ಎಂದು ಕೇಳುತ್ತಾನೆ. ಧರ್ಮದ ವಿಚಾರ ಹುಟ್ಟುವುದು ಈ ಎರಡನೆಯ ಪ್ರಶ್ನೆಯಿಂದ.

ದೇಶಕಾಲವೆಂದರೆ ಕಥೆ ನಡೆಯುವ ಜಾಗ, ಹೊತ್ತು. ಇಲ್ಲಿ ಮಲೆಯ ಕಾಡು, ಗಂಡ ಬಹುದಿನ ಮನೆಯಲ್ಲಿರದ ಜೇನಿನ ಕಾಲ. ಆ ಅಗಲಿಕೆಯಿಲ್ಲದೆ ಭಾಷೆಯ ಮಾತೇ ಬರುತ್ತಿರಲಿಲ್ಲ. ನಿಮ್ಮಲ್ಲೂ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಗಂಡಸರು ರಾತ್ರಿಯೆಲ್ಲ ಬ್ಯಾರನ್ ಮುಂದೆ ಬೆಂಕಿ ಕಾಯುತ್ತಾರೆ. ಕೊಡಗಿನ ತೋಟಕ್ಕೋ ಬೆಂಗಳೂರಿಗೋ ದುಡಿಯಲು ಹೋದವರಿದ್ದಾರೆ. ಆದ್ದರಿಂದ ಸಂಕಮ್ಮನ ಗುಡಿಸಲು ನಿಮಗೆ ದೂರದ್ದೇನೂ ಅಲ್ಲ.

ಇನ್ನು ಪಾತ್ರ. ನೀಲೇಗೌಡ ರಾಕ್ಷಸನಲ್ಲ. ದುಡಿಯುವ ಮನುಷ್ಯ, ಹೆಂಡತಿ ಕೈತಪ್ಪಿಯಾಳೆಂಬ ಭಯವುಳ್ಳವನು. ಅವನನ್ನು ರಾಕ್ಷಸನೆಂದುಬಿಟ್ಟರೆ ನಮಗೆ ಬಲು ಹಗುರವಾಗುತ್ತದೆ, ಏಕೆಂದರೆ ನಾವು ಯಾರೂ ರಾಕ್ಷಸರಲ್ಲವಷ್ಟೆ! ಮನುಷ್ಯನೆಂದು ತಿಳಿದಾಗಲೇ ಅವನ ಮುಖದಲ್ಲಿ ನಮ್ಮ ಮುಖ ಕಾಣುತ್ತದೆ.

ಸಂಘರ್ಷವೆಂದರೆ ಬರಿಯ ಹೊಡೆದಾಟವಲ್ಲ. ಒಂದು ಮನಸ್ಸಿಗೂ ಅದನ್ನು ಬಗ್ಗಿಸಲು ಬಂದದ್ದಕ್ಕೂ ನಡೆಯುವ ಹೋರಾಟ. ಹರಿಹರನ ಸೋದರಳಿಯ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ನೆನೆಯಿರಿ. ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ವಾದದಲ್ಲಿ ಅದರ ಬೀಜ ಬಿತ್ತು. ಅರಸನ ರಾಜ್ಯ ಹೋಯಿತು, ಚಂದ್ರಮತಿಯೂ ಲೋಹಿತಾಶ್ವನೂ ಮಾರಾಟವಾದರು, ಅರಸ ಸುಡುಗಾಡು ಕಾಯ್ದ. ಆದರೂ ಕೊಟ್ಟ ಮಾತು ಬಿಡಲಿಲ್ಲ. ಸಂಕಮ್ಮನದು ಇದರ ಇನ್ನೊಂದು ಮುಖ. ಹರಿಶ್ಚಂದ್ರ ಕೊಟ್ಟ ಮಾತನ್ನು ಉಳಿಸಿ ಸತ್ಯವಂತನಾದ. ಸಂಕಮ್ಮ ಕೇಳಿದ ಭಾಷೆಯನ್ನು ಕೊಡದೆ ಸತ್ಯವಂತೆಯಾದಳು. ನಡತೆಯೇ ಶುದ್ಧವಾಗಿರುವಾಗ ಆಣೆಯೇಕೆ ಎಂಬುದು ಅವಳ ನಿಲುವು. ನಡೆ ನುಡಿ ಒಂದಾಗಬೇಕೆಂದು ನಮ್ಮ ಶರಣರು ಸಾರಿದ್ದನ್ನು ಕಾಡಿನ ಹೆಣ್ಣುಮಗಳೊಬ್ಬಳು ಬಾಳಿ ತೋರಿಸಿದಳು.

ನಿರೂಪಣೆಯೆಂದರೆ ಹೇಳುವವನು ಎಲ್ಲಿ ನಿಂತು ಹೇಳುತ್ತಾನೆ ಎಂಬುದು. ಇದೇ ಕಥೆಯನ್ನು ನೀಲೇಗೌಡನ ಪಕ್ಕದಲ್ಲಿ ನಿಂತು ಹೇಳಿದ್ದರೆ "ಮಾತು ಕೇಳದ ಹೆಂಡತಿಯ ಕಥೆ" ಆಗುತ್ತಿತ್ತು. ಕಂಸಾಳೆ ಹಿಡಿದು ಹಾಡುತ್ತ ಬಂದವರು ಗಂಡಸರು. ಆದರೂ ಹಾಡು ನಿಂತಿರುವುದು ಸಂಕಮ್ಮನ ಪಕ್ಕದಲ್ಲಿ. ದೇವರು ಬಂದು ನಿಂತದ್ದೂ ಅಲ್ಲಿಯೇ. ಇದನ್ನು ಚೆನ್ನಾಗಿ ಗಮನಿಸಬೇಕು.

ಇವೆಲ್ಲವೂ ಕೂಡಿ ಕೊನೆಗೆ ಉಳಿಯುವ ತಿರುಳೇ ಆಶಯ. "ಮಾದಪ್ಪ ಮಕ್ಕಳಿಲ್ಲದವರಿಗೆ ಮಕ್ಕಳನ್ನು ಕೊಡುತ್ತಾನೆ" ಎಂದಷ್ಟೇ ತಿಳಿದು ಎದ್ದು ಹೋಗುವವರೇ ಹೆಚ್ಚು. ಅದು ಕಥೆಯಲ್ಲಿ ನಡೆದ ಸಂಗತಿ, ಆಶಯವಲ್ಲ. ಸಂಶಯ ಮನೆಯನ್ನು ಸೆರೆಮನೆ ಮಾಡುತ್ತದೆ, ನಂಬಿಕೆಯಿದ್ದಲ್ಲಿ ಶಿವನು ತಾನಾಗಿ ಬರುತ್ತಾನೆ ಎಂಬುದು ಇದರ ಆಶಯವೆಂದು ನಾವು ತಿಳಿದಿದ್ದೇವೆ. ನೀವು ಕೇಳಿ, ವಿಚಾರ ಮಾಡಿ, ಬೇರೆಯದು ಕಂಡರೆ ಹೇಳಿರಿ.

ಮಲೆಗೆ ಹೋಗಿ ಮಾದಪ್ಪನಿಗೆ ಉಘೇ ಎನ್ನುತ್ತೀರಿ. ಹಾಡಿನಲ್ಲಿ ಸಂಕಮ್ಮ ಅತ್ತರೆ ನಿಮ್ಮ ಕಣ್ಣಲ್ಲೂ ನೀರು ಬರುತ್ತದೆ. ಆದರೆ ಮನೆಗೆ ಬಂದ ಮೇಲೆ, ಸಂತೆಯಿಂದ ಹೆಂಡತಿ ಬರುವುದು ಒಂದು ಗಳಿಗೆ ತಡವಾದರೆ, ಕಾಲೇಜಿಗೆ ಹೋದ ಮಗಳು ಯಾರೊಡನೆಯೋ ಎರಡು ಮಾತಾಡಿದರೆ, "ದೇವರ ಮೇಲೆ ಆಣೆ ಮಾಡು" ಎಂದು ಗದರಿಸುತ್ತೀರಿ. ಆ ಗಳಿಗೆಯಲ್ಲಿ ನಿಮ್ಮ ಪಾತ್ರ ಯಾವುದು? ಬಾಯಲ್ಲಿ ಮಾದಪ್ಪನ ಹೆಸರು, ಮನಸ್ಸಿನಲ್ಲಿ ನೀಲೇಗೌಡನ ಸಂಶಯ. ಹೀಗೆ ಕೇಳಿದ ಕಥೆ ನಿದ್ದೆಗೆಟ್ಟದ್ದಕ್ಕಷ್ಟೇ ಸಮ.

ಆದ್ದರಿಂದ ಮಕ್ಕಳೇ, ಆ ಏಳು ಮಾತುಗಳನ್ನು ಅಂಕಗಳಿಗಾಗಿ ಮಾತ್ರ ಕಲಿಯಬೇಡಿ. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗ, ಗುಡ್ಡರು ಹಾಡುವಾಗ, "ಏಕಾಯಿತು? ಯಾರ ಪಕ್ಕ ನಿಂತು ಹೇಳುತ್ತಿದ್ದಾರೆ? ತಿರುಳೇನು?" ಎಂದು ಕೇಳಿರಿ. ದೊಡ್ಡವರು ಅವರನ್ನು ಗದರಿಸದೆ ಉತ್ತರ ಕೊಡಿರಿ. ಉತ್ತರ ತಿಳಿಯದಿದ್ದರೆ ಕೂಡಿ ಹುಡುಕಿರಿ. ಅದೂ ಒಂದು ಶಿವಾನುಭವವೇ. ಆಣೆ ಭಾಷೆಗಳ ಹಂಗಿಲ್ಲದೆ ಒಬ್ಬರನ್ನೊಬ್ಬರು ನಂಬುವ ಮನೆಗಳು ನಿಮ್ಮವಾಗಲಿ ಎಂದು ಹಾರೈಸಿ, ನಮ್ಮ ಮಾತುಗಳಿಗೆ ವಿರಾಮ ಹೇಳುತ್ತೇವೆ.