ಪರದೇಶಕ್ಕೆ ಹೊರಟವರ ಗಂಟುಮೂಟೆ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಹಿಂಬದಿಯ ಮೇಜಿನ ಬಳಿ ಸಂಜೆ ಹೊತ್ತು ಕುಳಿತು, ಬಂದವರಿಗೆ ಅರ್ಜಿ ಕಾಗದ ಬರೆದುಕೊಡುವ ಕೆಲಸವನ್ನು ನಾವು ನಾಲ್ಕಾರು ಜನ ಮಾಡುತ್ತಿದ್ದೇವೆಂಬುದು ತಮಗೆಲ್ಲ ತಿಳಿದದ್ದೇ. ಮೊದಲೆಲ್ಲ ರೇಷನ್ ಕಾರ್ಡು, ಪ್ರಾವಿಡೆಂಟ್ ಫಂಡು, ಇಷ್ಟರಲ್ಲೇ ಸಂಜೆ ಮುಗಿಯುತ್ತಿತ್ತು. ಈಚೆಗೆ ಪಾಸ್‌ಪೋರ್ಟು ಹಿಡಿದುಕೊಂಡು ಬರುವವರು ಹೆಚ್ಚಾಗಿದ್ದಾರೆ. ಒಬ್ಬರು ದುಬೈಗೆ, ಒಬ್ಬರು ಮಸ್ಕತ್ತಿಗೆ, ಇನ್ನೊಬ್ಬರು ರಿಯಾದಿಗೆ. ನಾವಂತೂ ಕಡಲು ದಾಟಿದವರಲ್ಲ. ಹೋಗಿ ಬಂದವರ ಬಾಯಿಂದ ಕೇಳಿದ್ದು, ಕಾಯ್ದೆ ಕಾಗದಗಳಲ್ಲಿ ಓದಿದ್ದು, ಇವಿಷ್ಟೇ ನಮ್ಮ ಬಂಡವಾಳ.

ಬಂದವರೆಲ್ಲ ಮೊದಲು ಕೇಳುವುದು ಕಳ್ಳರ ವಿಷಯ. ಎಂಥ ಬೀಗ ಹಾಕಬೇಕು, ದುಡ್ಡು ಎಲ್ಲಿಡಬೇಕು ಎಂದು. ಇದಕ್ಕೆ ಉತ್ತರ ದೊಡ್ಡದೇನಲ್ಲ. ದುಡ್ಡನ್ನು ಒಂದೇ ಕಡೆ ಇಡಬೇಡಿ. ಪಾಸ್‌ಪೋರ್ಟು, ಕರಾರು ಪತ್ರ, ಔಷಧ ಇವನ್ನು ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿಡಿ. ಪವರ್ ಬ್ಯಾಂಕೂ ಕೈಚೀಲದಲ್ಲಿಯೇ ಇರಬೇಕೆಂದು ನಿಯಮವುಂಟು. ಪೆಟ್ಟಿಗೆಯ ಹಿಡಿಗೆ ಗುರುತಿಗೊಂದು ಬಣ್ಣದ ಬಟ್ಟೆ ಕಟ್ಟಿ, ಒಳಗೂ ಹೆಸರು ವಿಳಾಸದ ಚೀಟಿ ಇರಿಸಿ. ಇಳಿದ ಮೇಲೆ ಪೆಟ್ಟಿಗೆ ಬಾರದಿದ್ದರೆ ಹೊರಗಿನ ಬಾಗಿಲು ದಾಟಬೇಡಿ. ವಿಮಾನ ಕಂಪನಿಯವರ ಕೌಂಟರು ಒಳಗೇ ಇರುತ್ತದೆ, ಅಲ್ಲಿ ದೂರು ಬರೆಸಿ ನಂಬರು ಪಡೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದದಂತೆ ಪೆಟ್ಟಿಗೆ ಒಡೆದು ಬಂದಿದ್ದರೆ 7 ದಿನದೊಳಗೆ, ತಡವಾಗಿ ಕೈಸೇರಿದ್ದರೆ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ನಮ್ಮ ದೇಶವೂ 2009ರಲ್ಲಿ ಆ ಒಪ್ಪಂದಕ್ಕೆ ಸೇರಿದೆ. ಬಾಯಿಮಾತಿನ ದೂರಿಗೆ ಅಲ್ಲಿ ಬೆಲೆಯಿಲ್ಲ.

ಕಳ್ಳರ ಮಾತು ಇಷ್ಟಕ್ಕೆ ಸಾಕು. ಇಷ್ಟು ವರ್ಷ ಮೇಜಿನ ಬಳಿ ಕುಳಿತು ನಾವು ಕಂಡದ್ದೇನೆಂದರೆ, ಹೊರದೇಶಕ್ಕೆ ಹೋದ ನಮ್ಮವರನ್ನು ಕಳ್ಳನಿಗಿಂತ ಹೆಚ್ಚಾಗಿ ಕೆಡಿಸುವುದು ದಾಕ್ಷಿಣ್ಯ. ದಾಕ್ಷಿಣ್ಯದ ಮೇಲೆ ನಮ್ಮಲ್ಲೊಂದು ಗಾದೆಯಿದೆ. ಸಭೆಯಲ್ಲಿ ಹೆಣ್ಣುಮಕ್ಕಳಿರುವುದರಿಂದ ಅದನ್ನು ಹೇಳುವುದಿಲ್ಲ, ಅವರಿಗೇ ಅದು ನಮಗಿಂತ ಚೆನ್ನಾಗಿ ಗೊತ್ತು.

ಹೋದ ವರ್ಷದ ಒಂದು ಸಂಗತಿ. ನಮ್ಮಲ್ಲಿ ಪತ್ರಿಕೆ ಓದಲು ಬರುತ್ತಿದ್ದ ಒಬ್ಬ ಹುಡುಗನಿಗೆ ದುಬೈಯಲ್ಲಿ ಕೆಲಸವಾಯಿತು. ಹೊರಡುವ ಮುನ್ನಾದಿನ ಅವನ ಖೋಲಿಗೆ ಹೋದೆವು. ಹಾಸಿಗೆಯ ಮೇಲೆ ಅವನ ಬಟ್ಟೆಗಿಂತ ಹೆಚ್ಚಾಗಿ ಪರರ ಪೊಟ್ಟಣಗಳಿದ್ದವು. ಎಣಿಸಿದೆವು, ಹನ್ನೊಂದು. ಚಾಳಿನ ಒಬ್ಬರ ಅಳಿಯನಿಗೆ ಚಟ್ನಿಪುಡಿ, ಇನ್ನೊಬ್ಬರ ತಮ್ಮನಿಗೆ ಉಪ್ಪಿನಕಾಯಿ, ಹೀಗೆ. ಕೆಲವನ್ನು ಬಟ್ಟೆಯಲ್ಲಿ ಹೊಲಿದೇ ಕೊಟ್ಟಿದ್ದರು. "ಬಿಚ್ಚಿ ನೋಡಿದೆಯೇನಪ್ಪಾ?" ಎಂದು ಕೇಳಿದೆವು. "ದೊಡ್ಡವರು ಕೊಟ್ಟದ್ದು, ಬಿಚ್ಚಿದರೆ ಏನೆಂದುಕೊಂಡಾರು?" ಎಂದ.

ಅವನನ್ನು ಅಂದು ಪ್ರಯೋಜನವೇನು? ನಾವೆಲ್ಲ ಮುಂಬಯಿಗೆ ಬಂದದ್ದೇ ಹಾಗೆ. ಊರಿಂದ ರೈಲು ಹತ್ತುವಾಗ ಓಣಿಯವರೆಲ್ಲ ತಮ್ಮ ತಮ್ಮ ಮಕ್ಕಳಿಗೆ ಗಂಟು ಕಟ್ಟಿಕೊಟ್ಟರು. ಅವನ್ನು ಮುಟ್ಟಿಸಲು ಹೋದ ಮನೆಗಳಲ್ಲಿಯೇ ನಮಗೆ ಮೊದಲ ಊಟ ಸಿಕ್ಕಿತು, ಕೆಲವರಿಗೆ ಮೊದಲ ನೌಕರಿಯೂ ಸಿಕ್ಕಿತು. ಪರರ ಗಂಟು ಹೊರುವುದು ನಮ್ಮಲ್ಲಿ ನಂಟಿನ ಗುರುತು. ಆದರೆ ರೈಲಿನ ನಿಯಮ ಬೇರೆ, ಪರರಾಜ್ಯದ ಕಸ್ಟಮ್ಸ್ ಕಟ್ಟೆಯ ನಿಯಮ ಬೇರೆ. ನಿಮ್ಮ ಚೀಲದಲ್ಲಿದ್ದುದು ನಿಮ್ಮದೇ ಎಂದು ಹಿಡಿದು ಅವರು ವಿಚಾರಣೆಗೆ ತೊಡಗುತ್ತಾರೆ.

ಆ ರಾತ್ರಿ ಹನ್ನೊಂದನ್ನೂ ಬಿಚ್ಚಿದೆವು. ಒಂದರಲ್ಲಿ ಮಸಾಲೆ ಸಾಮಾನಿನ ಜತೆ ಕಾಲು ಕಿಲೋ ಗಸಗಸೆ. ಹಬ್ಬಕ್ಕೆ ಪಾಯಸ ಮಾಡಲೆಂದು ತಾಯಿ ಮಗಳಿಗೆ ಕಳಿಸಿದ್ದು, ಅದರಲ್ಲಿ ಕಪಟವೇನಿದೆ? ಆದರೆ ಗಸಗಸೆ ಅಫೀಮಿನ ಗಿಡದ ಬೀಜ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಸೌದಿ ಅರೇಬಿಯದಲ್ಲಿ, ಸಿಂಗಾಪುರದಲ್ಲಿಯೂ ಅದನ್ನು ಒಯ್ಯುವಂತಿಲ್ಲ. ಇನ್ನೊಂದರಲ್ಲಿ ಯಾರದೋ ಬೆನ್ನುನೋವಿಗೆಂದು ನೋವಿನ ಮಾತ್ರೆ, ವೈದ್ಯರ ಚೀಟಿಯಿಲ್ಲದೆ. ಟ್ರಮಡಾಲ್, ಕೊಡೀನ್ ಸೇರಿದ ಔಷಧಗಳು ಅಲ್ಲಿ ನಿರ್ಬಂಧದಲ್ಲಿವೆ. ಸ್ವಂತಕ್ಕೆ ಬೇಕಾದರೂ ಅಲ್ಲಿಯ ಆರೋಗ್ಯ ಇಲಾಖೆಯ ಒಪ್ಪಿಗೆ ಮೊದಲೇ ಪಡೆಯಬೇಕು. ಎರಡನ್ನೂ ಮರಳಿಸಿದೆವು. ಮಾತ್ರೆ ಕೊಟ್ಟಿದ್ದ ಹಿರಿಯರಿಗೆ ಬಹಳ ಕೋಪ ಬಂತು. "ನನ್ನ ಮೇಲೇ ಸಂಶಯವೇ?" ಎಂದರು. ಹದಿನೈದು ದಿನ ವಾಚನಾಲಯದತ್ತ ಸುಳಿಯಲಿಲ್ಲ.

ಅವರಿಗೆ ಆಮೇಲೆ ಹೇಳಿದ ಸಂಗತಿಯನ್ನೇ ಇಲ್ಲಿಯೂ ಹೇಳುತ್ತೇವೆ. 2019ರಲ್ಲಿ ನಮ್ಮ ಮುಂಬಯಿಯವರೇ ಆದ ದಂಪತಿಗಳು ಕತಾರಿಗೆ ಪ್ರವಾಸ ಹೋದರು. ಕಳಿಸಿದವರು ಸ್ವಂತ ಬಂಧುವೇ. ಅಲ್ಲಿಯ ಪರಿಚಯದವರಿಗೆಂದು ಒಂದು ಪೊಟ್ಟಣವನ್ನೂ ಕೊಟ್ಟಿದ್ದರು. ದೋಹಾ ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿದಾಗ ಸಿಕ್ಕಿದ್ದು ಸುಮಾರು 4 ಕಿಲೋ ಚರಸ್. ಇಬ್ಬರಿಗೂ 10 ವರ್ಷದ ಶಿಕ್ಷೆಯಾಯಿತು. ಹೆಣ್ಣುಮಗಳು ಆಗ ಗರ್ಭಿಣಿ. ಮಗು ಹುಟ್ಟಿದ್ದು ಅಲ್ಲಿಯ ಸೆರೆಯಲ್ಲಿ. ಮನೆಯವರು ಇಲ್ಲಿ ದೂರು ಕೊಟ್ಟು, ತನಿಖೆ ನಡೆಸಿ, ಸತ್ಯ ಹೊರಬಂದು, ಅಲ್ಲಿಯ ನ್ಯಾಯಾಲಯ 2021ರಲ್ಲಿ ಅವರನ್ನು ನಿರ್ದೋಷಿಗಳೆಂದು ಬಿಟ್ಟಿತು. ಇದನ್ನು ಕೇಳಿ ಆ ಹಿರಿಯರು ಸುಮ್ಮನೆ ಕುಳಿತರು. ಕೋಪ ಪೂರ್ತಿ ಇಳಿಯಿತೆಂದು ನಾವು ಹೇಳಲಾರೆವು.

ಇನ್ನು ಏಜೆಂಟನ ಮುಂದೆ ತೋರುವ ದಾಕ್ಷಿಣ್ಯ. "ನಮ್ಮ ಊರಿನವನೇ, ರಸೀದಿ ಕೇಳುವುದು ಹೇಗೆ?" ಎನ್ನುತ್ತಾರೆ. ಊರಿನವನಾದರೆ ರಸೀದಿ ಕೊಡಲು ಅವನಿಗೇನು ಕಷ್ಟ? 1983ರ ವಲಸೆ ಕಾಯ್ದೆಯಂತೆ ಏಜೆಂಟನಿಗೆ ಸರಕಾರದ ನೋಂದಣಿ ಇರಬೇಕು. ಆ ಪಟ್ಟಿಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರಾದರೂ ನೋಡಬಹುದು. ಅವನ ಶುಲ್ಕಕ್ಕೆ ನಿಯಮವು ಹಾಕಿದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಲಕ್ಷ, ಎರಡು ಲಕ್ಷ ಕೇಳುವವನು ಏನನ್ನು ಮಾರುತ್ತಿದ್ದಾನೆಂದು ಯೋಚಿಸಿರಿ. ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟು ಇ.ಸಿ.ಆರ್. ವರ್ಗದ್ದು, ಅಂಥವರು ಕೊಲ್ಲಿ ರಾಜ್ಯಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಅನುಮತಿ ಬೇಕು. ಮುಂಬಯಿಯಲ್ಲಿಯೇ ಆ ಕಚೇರಿಯುಂಟು. ಅನುಮತಿಯ ಜತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಬರುತ್ತದೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ ರೂಪಾಯಿ. ಏಜೆಂಟನು "ಅದೆಲ್ಲ ತಡ, ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ" ಎಂದರೆ ಈ ರಕ್ಷಣೆಯಷ್ಟೂ ಹೋಯಿತೆಂದು ತಿಳಿಯಿರಿ. ಕಲಿತವರೂ ಮೋಸಹೋಗಿದ್ದಾರೆ. 2022ರಿಂದೀಚೆಗೆ ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದೊಯ್ದು, ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ, ಜನರಿಗೆ ಟೋಪಿ ಹಾಕುವ ಫೋನು ಮಾಡಿಸಿದ ಸುದ್ದಿ ಪತ್ರಿಕೆಗಳಲ್ಲಿ ಓದಿದ್ದೀರಿ.

ಕೊನೆಯ ದಾಕ್ಷಿಣ್ಯ ಧಣಿಯ ಮುಂದಿನದು, ಇದೇ ಕಠಿಣ. ಹೋದ ಮೊದಲ ದಿನವೇ "ಪಾಸ್‌ಪೋರ್ಟು ಕೊಡು, ಭದ್ರವಾಗಿ ಇಡುತ್ತೇವೆ" ಎಂದು ಕೇಳುವವರುಂಟು. ನಮ್ಮ 1967ರ ಪಾಸ್‌ಪೋರ್ಟು ಕಾಯ್ದೆಯಂತೆ ಆ ಪುಸ್ತಕ ಭಾರತ ಸರಕಾರದ ಸೊತ್ತು. ಧಣಿಯದಂತೂ ಅಲ್ಲವೇ ಅಲ್ಲ. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾರ್ಮಿಕ ಕಾಯ್ದೆಯೂ ಕೆಲಸಗಾರನ ಕಾಗದಪತ್ರ ಹಿಡಿದಿಡಬಾರದೆಂದು ಹೇಳುತ್ತದೆ. ಆದರೂ ಒಂಟಿಯಾಗಿ ನಿಂತವನು ಕಾಯ್ದೆ ಹೇಳುವುದು ಸುಲಭವಲ್ಲ, ಅದನ್ನು ನಾವು ಬಲ್ಲೆವು. ವೀಸಾ ಮುದ್ರೆಗೆಂದು ಕೊಡಲೇಬೇಕಾದಾಗ ಯಾರಿಗೆ, ಯಾವ ದಿನ ಕೊಟ್ಟಿರೆಂದು ಬರೆಸಿಕೊಳ್ಳಿ. ಅದೂ ಆಗದಿದ್ದರೆ ಅದೇ ದಿನ ಮನೆಗೆ ಮೊಬೈಲಿನಲ್ಲಿ ಬರೆದು ಕಳಿಸಿ, ತಾರೀಖಿಗೆ ಸಾಕ್ಷಿಯಾಗುತ್ತದೆ. ಮರಳಿ ಕೊಡದಿದ್ದರೆ ನಮ್ಮ ರಾಯಭಾರ ಕಚೇರಿಗೆ, ಇಲ್ಲವೆ ವಿದೇಶಾಂಗ ಇಲಾಖೆ 2015ರಲ್ಲಿ ತೆರೆದ ಮದದ್ ಎಂಬ ತಾಣಕ್ಕೆ ದೂರು ಕೊಡಬಹುದು. ಮನೆಯವರು ಇಲ್ಲಿಂದಲೂ ಕೊಡಬಹುದು. ಪಾಸ್‌ಪೋರ್ಟು ಕಳೆದೇ ಹೋದರೆ ಮೊದಲು ಅಲ್ಲಿಯ ಪೊಲೀಸರಲ್ಲಿ ದೂರು, ಬಳಿಕ ರಾಯಭಾರ ಕಚೇರಿ. ಹೊಸ ಪುಸ್ತಕಕ್ಕೆ ಕಾಯಲಾಗದವರಿಗೆ ಊರಿಗೆ ಮರಳಲು ಮಾತ್ರ ಒಂದು ತುರ್ತು ಪತ್ರ ಕೊಡುತ್ತಾರೆ. ಕೊಲ್ಲಿಯಲ್ಲಿರುವ ನಮ್ಮವರು ಅದನ್ನು ಔಟ್‌ಪಾಸ್ ಎನ್ನುತ್ತಾರೆ. ಹಳೆಯ ಪಾಸ್‌ಪೋರ್ಟಿನ ನಕಲು ಕೈಯಲ್ಲಿದ್ದರೆ ಈ ಕೆಲಸ ಬೇಗ ಆಗುತ್ತದೆ.

ಆದ್ದರಿಂದ ನಮ್ಮ ಮೇಜಿನ ಬಳಿ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಪಾಸ್‌ಪೋರ್ಟು, ವೀಸಾ, ಕರಾರು, ವಿಮೆ, ಏಜೆಂಟನ ರಸೀದಿ, ಈ ಐದರ ಮೂರು ನಕಲು: ಒಂದು ಪೆಟ್ಟಿಗೆಯಲ್ಲಿ, ಒಂದು ಮನೆಯಲ್ಲಿ, ಒಂದು ಮೊಬೈಲಿನಲ್ಲಿ. ಕರಾರು ಅರಬ್ಬಿಯಲ್ಲಿದ್ದರೆ ತಿಳಿದವರಿಂದ ಓದಿಸದೆ ರುಜು ಬೇಡ. ಇಲ್ಲಿಯ ಸಿಮ್ ಕಾರ್ಡನ್ನು ಬದುಕಿಸಿಟ್ಟುಕೊಳ್ಳಿ. ಬ್ಯಾಂಕಿನ ಗುಪ್ತ ಅಂಕಿ ಬರುವುದು ಅದಕ್ಕೇ.

ದುಬೈಗೆ ಹೋದ ಆ ಹುಡುಗ ತಿಂಗಳ ಮೇಲೆ ಫೋನು ಮಾಡಿದ್ದ. ಚಟ್ನಿಪುಡಿ ಮುಟ್ಟಿಸಲು ಹೋದ ಮನೆಯಲ್ಲಿ ಊಟ ಹಾಕಿದರಂತೆ. ಮುಂದಿನ ಗುರುವಾರ ನಮ್ಮಲ್ಲಿ ಇನ್ನಿಬ್ಬರು ಮಸ್ಕತ್ತಿಗೆ ಹೊರಡುವವರಿದ್ದಾರೆ. ಅವರ ಕೈಯಲ್ಲಿ ಏನಾದರೂ ಕಳಿಸುವವರು ಬುಧವಾರ ಸಂಜೆ ಏಳಕ್ಕೆ ಮೇಜಿನ ಬಳಿ ತನ್ನಿ, ಬಾಯಿ ಹೊಲಿಯದೆ ತನ್ನಿ. ಎಲ್ಲರೆದುರು ತೆರೆದು, ಎಲ್ಲರೆದುರು ಕಟ್ಟೋಣ. ಸೂಜಿ ದಾರ ನಾವೇ ಇಟ್ಟಿರುತ್ತೇವೆ.